ಆಡಿನ ಕೆಚ್ಚಲಿಗೆ ಹೊಂದುವ ಯಂತ್ರ

ಉಡುಪಿ, ಮಂಗಳೂರು ಕಡೆಯ ಹಟ್ಟಿಗಳಿಗೆ ಹಾಲು ಕರೆಯುವ ಯಂತ್ರ ಬಂದಿರುವುದು ಬಹುಮಟ್ಟಿಗೆ ದನಗಳಿಗಾಗಿ. ಇಲ್ಲಿ ಆಡು ಸಾಕುವವರು ಹೆಚ್ಚಾಗಿ ಮಾಂಸಕ್ಕೆಂದೇ ಸಾಕುತ್ತಾರೆ. ಹಾಲಿಗಾಗಿ ಆಡು ಸಾಕಲು ಹೊರಟವರು ದನದ ಯಂತ್ರವನ್ನು ಇದ್ದ ಹಾಗೆಯೇ ಆಡಿಗೆ ಹಚ್ಚಬಾರದು, ಏಕೆಂದರೆ ಆಡಿನ ಕೆಚ್ಚಲಿನ ರಚನೆಯೇ ಬೇರೆ.

ದನಕ್ಕೆ ನಾಲ್ಕು ತೊಟ್ಟುಗಳಾದರೆ ಆಡಿಗೆ ಎರಡೇ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಮುಖ್ಯ ವ್ಯತ್ಯಾಸ ಒಳಗಿದೆ. ದನದ ಹಾಲಿನ ಬಹುಪಾಲು ಕೆಚ್ಚಲಿನ ಸೂಕ್ಷ್ಮ ಗೂಡುಗಳಲ್ಲೇ ಉಳಿದಿದ್ದು, ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತದ ಮೂಲಕ ಬಂದು ಆ ಗೂಡುಗಳನ್ನು ಹಿಂಡಿಸಿದ ಮೇಲೆ ಕೆಳಗಿಳಿಯುತ್ತದೆ. ಆಡಿನಲ್ಲಾದರೋ ಹೆಚ್ಚಿನ ಹಾಲು, ಸುಮಾರು ಮುಕ್ಕಾಲು ಪಾಲು, ತೊಟ್ಟಿನ ಮೇಲ್ಭಾಗದ ದೊಡ್ಡ ಕೋಶದಲ್ಲಿ ಮೊದಲೇ ಸಂಗ್ರಹವಾಗಿರುತ್ತದೆ. ಆದ್ದರಿಂದ ಯಂತ್ರದ ಕಪ್ಪನ್ನು, ಅಂದರೆ ಹಾಲೆಳೆಯುವ ಬಟ್ಟಲನ್ನು, ತೊಟ್ಟಿಗೆ ಹಾಕಿದೊಡನೆ ಹಾಲು ಹರಿಯತೊಡಗಿ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆಮೇಲೂ ಕಪ್ಪನ್ನು ಬಿಟ್ಟರೆ ನಿರ್ವಾತವು ಬರಿಯ ತೊಟ್ಟನ್ನು ಎಳೆದು, ಅದರ ತುದಿಗೆ ಗಾಯಮಾಡಿ, ಕೆಚ್ಚಲು ಬಾವು ರೋಗಕ್ಕೆ ದಾರಿ ಮಾಡಿಕೊಡುತ್ತದೆ.

ಯಂತ್ರದ ಜಾಣ್ಮೆಯಿರುವುದು ಎಳೆಯುವುದರಲ್ಲಿ ಮಾತ್ರವಲ್ಲ, ಬಿಡುವು ಕೊಡುವುದರಲ್ಲಿಯೂ. ಕಪ್ಪಿನೊಳಗಿನ ರಬ್ಬರು ಅಥವಾ ಸಿಲಿಕೋನ್ ಕೊಳವೆಯು ತೆರೆದಾಗ ಹಾಲು ಹರಿಯುತ್ತದೆ. ನಿರ್ವಾತವನ್ನೂ ಗಾಳಿಯನ್ನೂ ಸರದಿಯಂತೆ ಬಿಡುವ ಪಲ್ಸೇಟರು ಎಂಬ ಭಾಗವು ಕೊಳವೆಯ ಹೊರಸುತ್ತಿಗೆ ಗಾಳಿ ಬಿಟ್ಟಾಗ ಅದು ಮುಚ್ಚಿಕೊಂಡು ತೊಟ್ಟನ್ನು ನೀವುತ್ತದೆ, ತುದಿಯಲ್ಲಿ ಕಟ್ಟಿದ ರಕ್ತ ಮತ್ತೆ ಸಂಚರಿಸುತ್ತದೆ. ದನಕ್ಕೆ ಇದು ನಿಮಿಷಕ್ಕೆ ಸುಮಾರು 60 ಬಾರಿ ನಡೆದರೆ, ಆಡಿಗೆ 90ರ ಆಸುಪಾಸು. ನಿರ್ವಾತವನ್ನು ದನಕ್ಕಿಂತ ಕಡಿಮೆ, ಸಾಮಾನ್ಯವಾಗಿ 36ರಿಂದ 40 ಕಿಲೋಪಾಸ್ಕಲ್ ಮಟ್ಟದಲ್ಲಿಡುತ್ತಾರೆ. ಬೇಗ ಮುಗಿಯಲೆಂದು ಇದನ್ನು ಏರಿಸುವುದು ನಿಜಕ್ಕೂ ಆಡಿಗೆ ಮಾಡುವ ಅನ್ಯಾಯ.

ಕರೆಯುವ ಮುನ್ನ ತೊಟ್ಟನ್ನು ಶುಚಿಗೊಳಿಸಿ ಒರೆಸಬೇಕು. ಮೊದಲ ಕೆಲವು ಧಾರೆಗಳನ್ನು ಬೇರೆ ಪಾತ್ರೆಗೆ ಕರೆದು ಗರಣೆ, ರಕ್ತ ಇದೆಯೇ ಎಂದು ನೋಡಬೇಕು. ಗದರಿಸಿದ, ಬೆದರಿದ ಆಡಿನಲ್ಲಿ ಅಡ್ರಿನಲಿನ್ ಏರಿ, ಗೂಡುಗಳಲ್ಲಿ ಉಳಿದ ಹಾಲು ಇಳಿಯುವುದಿಲ್ಲ. ಕಪ್ಪು ತೆಗೆಯುವಾಗ ಮೊದಲು ನಿರ್ವಾತವನ್ನು ನಿಲ್ಲಿಸುವುದು ಕಡ್ಡಾಯ. ಬಳಿಕ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಆಡಿನ ಹಾಲಿನಲ್ಲಿ ಜೀವಕೋಶಗಳ ಸಂಖ್ಯೆ ಸಹಜವಾಗಿಯೇ ದನದ ಹಾಲಿಗಿಂತ ಹೆಚ್ಚಿರುವುದರಿಂದ, ದನದ ಮಾನದಂಡ ಹಿಡಿದು ಅದಕ್ಕೆ ಕೆಚ್ಚಲು ಬಾವೆಂದು ತೀರ್ಮಾನಿಸಲಾಗದು.

ಕರಾವಳಿಯ ಮಳೆಗಾಲದಲ್ಲಿ ತೊಳೆದ ಕೊಳವೆಗಳು ತಾವಾಗಿ ಒಣಗುವುದು ಕಷ್ಟ. ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಅಂಶವನ್ನು ತೊಳೆದು, ಆಮೇಲೆ ಬಿಸಿ ಕ್ಷಾರೀಯ ದ್ರಾವಣದಲ್ಲಿ ಶುಚಿಗೊಳಿಸಿ, ಗಾಳಿಯಾಡುವಂತೆ ತೂಗುಹಾಕಬೇಕು. ಬಿರುಕು ಬಿಟ್ಟ ರಬ್ಬರಿನ ಸಂದಿಯಲ್ಲಿ ಬ್ಯಾಕ್ಟೀರಿಯಾ ಉಳಿದುಕೊಳ್ಳುವುದರಿಂದ, ಅಂಥ ಕೊಳವೆಯನ್ನು ತೊಳೆದು ಮತ್ತೆ ಬಳಸದೆ ಬದಲಾಯಿಸಲೇಬೇಕು.