ಟ್ರೆಂಟೊದಿಂದ ಬಿಡಿಸಿ: ದಕ್ಷಿಣ ಟೈರೋಲ್ ಒಗ್ಗೂಡಿದ ಬಗೆ

ಸತ್ತವರ ಗೋರಿಕಲ್ಲಿನ ಮೇಲೂ ಜರ್ಮನ್ ಅಕ್ಷರ ಕೆತ್ತಿಸುವಂತಿಲ್ಲ. 1927ರಲ್ಲಿ ಮುಸೊಲಿನಿಯ ಆಡಳಿತ ದಕ್ಷಿಣ ಟೈರೋಲ್ ಮೇಲೆ ಹೇರಿದ ನಿರ್ಬಂಧವಿದು. ಆಲ್ಪ್ಸ್ ಬೆಟ್ಟಗಳ, ಹೆಚ್ಚಾಗಿ ಜರ್ಮನ್ ಮಾತಾಡುವವರ ಈ ಸೀಮೆ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ್ದು. 1919ರ ಒಪ್ಪಂದ ಬ್ರೆನ್ನರ್ ಘಾಟಿಯಲ್ಲಿ ಗೆರೆ ಎಳೆದು ಇಟಲಿಗೆ ಕೊಟ್ಟಿತು. ಷ್ಟೆರ್ಟ್ಸಿಂಗ್ ಎಂಬ ಊರು ವಿಪಿಟೆನೊ ಆಯಿತು. ಶಾಲೆಗಳಿಂದ ಜರ್ಮನ್ ಹೊರಬಿತ್ತು. ಮನೆಯ ಕೋಣೆಗಳಲ್ಲಿ ಕದ್ದುಮುಚ್ಚಿ ಮಕ್ಕಳಿಗೆ ಅಕ್ಷರ ಕಲಿಸಬೇಕಾಯಿತು.

1939ರಲ್ಲಿ ಇನ್ನೂ ದೊಡ್ಡ ಏಟು ಬಿತ್ತು. ಜರ್ಮನಿಗೆ ಹೋಗಿ, ಇಲ್ಲವೇ ಇಟಲಿಯವರಾಗಿ ಉಳಿಯಿರಿ ಎಂದು ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಜನರ ಮುಂದಿಟ್ಟರು. ಶೇ. 80ಕ್ಕೂ ಹೆಚ್ಚು ಮಂದಿ ಹೋಗುತ್ತೇವೆಂದು ಸಹಿ ಹಾಕಿದರು. ನಿಜಕ್ಕೂ ಹೋದವರು ಸುಮಾರು 75,000. ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟರು. ಉಳಿಯುತ್ತೇವೆ ಎಂದವರಿಗೆ ದ್ರೋಹಿಗಳೆಂಬ ಹೆಸರು ಅಂಟಿತು.

1945ರ ಮೇ 8ರಂದು, ಯುರೋಪಿನಲ್ಲಿ ಯುದ್ಧ ನಿಂತ ದಿನವೇ, ಸೀಮೆಯ ಮುಖ್ಯ ಪೇಟೆ ಬೋಲ್ಜಾನೊದಲ್ಲಿ ದಕ್ಷಿಣ ಟೈರೋಲ್ ಜನತಾ ಪಕ್ಷ ಹುಟ್ಟಿತು. ಗುರುತು ಎಡೆಲ್‌ವೈಸ್ ಹೂವು. ವ್ಯಾಪಾರಿ ಎರಿಕ್ ಆಮೋನ್ ಮೊದಲ ಅಧ್ಯಕ್ಷ. ಮುಂದೆ ನಿಂತವರಲ್ಲಿ ಹೆಚ್ಚಿನವರು 'ಉಳಿದವರು'. ಹಿಟ್ಲರನಿಗೆ ಸಹಿ ಹಾಕದ ಕಾರಣ ಮಿತ್ರಪಡೆಯ ಅಧಿಕಾರಿಗಳ ಎದುರು ತಲೆಯೆತ್ತಿ ಮಾತಾಡಬಲ್ಲವರು ಅವರೇ. ಆದರೆ ವೋಟು ಹಾಕಬೇಕಾದವರು ಹೆಚ್ಚಾಗಿ ಸಹಿ ಹಾಕಿದವರು. ಈ ಒಡಕು ಮನಸ್ಸುಗಳನ್ನು ಒಂದೇ ಚಪ್ಪರದಡಿ ತಂದದ್ದೇ ಆ ಪಕ್ಷದ ದೊಡ್ಡ ಸಾಧನೆ ಎನ್ನುತ್ತೇನೆ. ಮುಂದಿನದೆಲ್ಲ ನಿಂತದ್ದು ಅದರ ಮೇಲೆ.

ನಮ್ಮನ್ನು ಆಸ್ಟ್ರಿಯಾಕ್ಕೆ ಸೇರಿಸಿ ಎಂಬ ಬೇಡಿಕೆಗೆ ಸುಮಾರು 1,55,000 ಸಹಿ ಸಂಗ್ರಹವಾಯಿತು. 1946ರ ಏಪ್ರಿಲ್‌ನಲ್ಲಿ ಇನ್ಸ್‌ಬ್ರುಕ್‌ನಲ್ಲಿ ಅವನ್ನು ಆಸ್ಟ್ರಿಯಾದ ಚಾನ್ಸಲರ್ ಫೀಗ್ಲ್ ಕೈಗಿತ್ತರು. ಮಿತ್ರರಾಷ್ಟ್ರಗಳು ಗಡಿ ಕದಲಿಸಲಿಲ್ಲ. ಸೆಪ್ಟೆಂಬರ್ 5ರಂದು ಪ್ಯಾರಿಸ್‌ನಲ್ಲಿ ಆಸ್ಟ್ರಿಯಾದ ವಿದೇಶಾಂಗ ಸಚಿವ ಗ್ರೂಬರ್, ಇಟಲಿಯ ಪ್ರಧಾನಿ ದೆ ಗಾಸ್ಪೆರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ಜರ್ಮನ್ ಶಾಲೆ, ನೌಕರಿಯಲ್ಲಿ ಸಮಾನತೆ, ಸ್ವಾಯತ್ತತೆ. 1948ರಲ್ಲಿ ಸ್ವಾಯತ್ತತೆಯೇನೋ ಬಂತು, ಆದರೆ ನೆರೆಯ ಟ್ರೆಂಟೊ ಪ್ರಾಂತದ ಜೊತೆ ಗಂಟು ಹಾಕಿಕೊಂಡು ಬಂತು. ಆ ಜಂಟಿ ಪ್ರದೇಶದಲ್ಲಿ ಇಟಾಲಿಯನ್ ಭಾಷಿಕರೇ ಬಹುಮತ. ಕೊಟ್ಟ ಹಾಗೂ ಆಯಿತು, ಕೈಗೆ ಸಿಗದ ಹಾಗೂ ಆಯಿತು.

1957ರಲ್ಲಿ ರೋಮ್‌ನ ಸರ್ಕಾರ ಬೋಲ್ಜಾನೊದಲ್ಲಿ 5,000 ಮನೆ ಕಟ್ಟುವುದಾಗಿ ಸಾರಿತು. ಅವು ಹೊರಗಿನಿಂದ ಬರುವವರಿಗೇ ಎಂಬುದು ಜನರಿಗೆ ಗೊತ್ತಿತ್ತು. ಪೇಟೆಯಲ್ಲಿ ಸಭೆಗೆ ಅನುಮತಿ ಸಿಗದೆ, ನವೆಂಬರ್ 17ರಂದು ಊರಾಚೆಯ ಸಿಗ್ಮಂಡ್ಸ್‌ಕ್ರೋನ್ ಕೋಟೆಯ ಪಾಳಿನಲ್ಲಿ ಜನ ಸೇರಿದರು. 35,000 ಮಂದಿ, ಅಂದರೆ ಸುಮಾರು ಏಳು ಜರ್ಮನ್ ಭಾಷಿಕರಲ್ಲಿ ಒಬ್ಬರು! ವೇದಿಕೆಯಲ್ಲಿದ್ದವರು ಪಕ್ಷದ ಹೊಸ ಅಧ್ಯಕ್ಷ ಸಿಲ್ವಿಯಸ್ ಮಾನ್ಯಾಗೊ: ಕಡ್ಡಿಯಂಥ ಮೈ, ಯುದ್ಧದಲ್ಲಿ ಕಳೆದುಕೊಂಡ ಒಂದು ಕಾಲು, ಊರುಗೋಲು. ಗುಂಪಿನಲ್ಲಿ ಹಲವರಿಗೆ ಪೇಟೆಗೆ ನುಗ್ಗುವ ಆತುರ. ಸಭೆ ಶಾಂತವಾಗಿ ಮುಗಿಯುತ್ತದೆ ಎಂದು ತಾನು ಮಾತು ಕೊಟ್ಟಿರುವುದಾಗಿ ಹೇಳಿ ಅವರು ತಡೆದರು. 'ಟ್ರೆಂಟೊದಿಂದ ಬಿಡಿಸಿ' ಎಂಬುದು ಅಂದಿನ ಕೂಗು. ಗಮನಿಸಿ, 'ರೋಮ್‌ನಿಂದ' ಅಲ್ಲ. ಗಡಿ ಬದಲಿಸಿ ಎನ್ನುವುದನ್ನು ಬಿಟ್ಟು, ಗಡಿಯೊಳಗೇ ನಮ್ಮ ಮನೆ ನಮಗೆ ಕೊಡಿ ಎಂದು ಕೇಳುವ ದಾರಿ ಅಲ್ಲಿ ಗಟ್ಟಿಯಾಯಿತು.

ಎಲ್ಲರೂ ಆ ದಾರಿ ಹಿಡಿಯಲಿಲ್ಲ. 1961ರ ಜೂನ್‌ನಲ್ಲಿ, ಬೆಟ್ಟಗಳ ಮೇಲೆ ಹಬ್ಬದ ಬೆಂಕಿ ಹಚ್ಚುವ ರಾತ್ರಿಯೇ, ಹತ್ತಾರು ವಿದ್ಯುತ್ ಕಂಬಗಳು ಸ್ಫೋಟಕ್ಕೆ ಉರುಳಿದವು. ರಸ್ತೆ ಕೆಲಸಗಾರನೊಬ್ಬ ಸತ್ತ. ಸಾಮೂಹಿಕ ಬಂಧನಗಳಾದವು, ಬಂಧಿತರಿಗೆ ಚಿತ್ರಹಿಂಸೆಯಾಯಿತು. ಅಷ್ಟರಲ್ಲಿ ಆಸ್ಟ್ರಿಯಾ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತ್ತು. ಇಟಲಿ 19 ಜನರ ಆಯೋಗ ನೇಮಿಸಿತು. ಅದರಿಂದ ಮೊಳೆತ, ಸ್ವಾಯತ್ತತೆಯ 137 ಅಂಶಗಳ ಪ್ಯಾಕೇಜು 1969ರ ನವೆಂಬರ್‌ನಲ್ಲಿ ಮೆರಾನೊದ ಪಕ್ಷ ಸಮಾವೇಶದ ಮುಂದೆ ಬಂತು. ನಡುರಾತ್ರಿ ದಾಟಿದ ಮೇಲೆ ಮತ ಎಣಿಸಿದರೆ ಒಪ್ಪಿದವರು ಶೇ. 53ರಷ್ಟು ಮಾತ್ರ.

1972ರಲ್ಲಿ ಹೊಸ ಸ್ವಾಯತ್ತತಾ ಶಾಸನ ಜಾರಿಗೆ ಬಂತು, 1992ರಲ್ಲಿ ವಿಶ್ವಸಂಸ್ಥೆಯಲ್ಲಿದ್ದ ವ್ಯಾಜ್ಯ ಮುಗಿಯಿತು. ಸರ್ಕಾರಿ ನೌಕರಿಗಳು ಈಗ ಭಾಷಿಕರ ಪ್ರಮಾಣದಂತೆ ಹಂಚಿಕೆಯಾಗುತ್ತವೆ. ತೆರಿಗೆಯ ಬಹುಪಾಲು ಪ್ರಾಂತದಲ್ಲೇ ಉಳಿಯುತ್ತದೆ. ಊರ ಹೆಸರುಗಳ ಜಗಳ ಮಾತ್ರ ಬಗೆಹರಿದಿಲ್ಲ. ಬೆಟ್ಟದ ಕಾಲುದಾರಿಯ ಮರದ ಫಲಕದಲ್ಲಿ ಯಾವ ಹೆಸರು ಬರೆಯಬೇಕೆಂಬುದಕ್ಕೆ ಅಲ್ಲಿ ಈ ಶತಮಾನದಲ್ಲೂ ವರ್ಷಗಟ್ಟಲೆ ಜಟಾಪಟಿ ನಡೆದಿದೆ.