ಸಂಯೋಜಿತ ವಾಕ್ಯ: ಮಕ್ಕಳ ಬಾಯಲ್ಲಿ ಇರುತ್ತದೆ, ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ನೋಡಿಕೊಂಡು ಬಂದ ನಾಲ್ಕನೇ ತರಗತಿಯ ಹುಡುಗಿ ನನ್ನ ಮೇಜಿನ ಹತ್ತಿರ ನಿಂತು ಒಂದೇ ಉಸಿರಿಗೆ ಹೇಳಿದಳು: ‘ಅಕ್ಕೋರ, ಜಾತ್ರಿಗೆ ಹೋಗಿದ್ವಿರಿ, ಖರೆ ನಾಟಕ ನೋಡಲಿಲ್ರಿ. ತಮ್ಮ ಅಳಾಕ ಹತ್ತಿದ್ದ, ಅದಕ್ಕ ಲಗೂನ ಹೊಳ್ಳಿ ಬಂದ್ವಿ.’

ಚೆನ್ನಾಗಿದೆ, ಇದನ್ನೇ ಬರಿ ಅಂದೆ. ಬರೆದದ್ದು ಹೀಗಿತ್ತು: ‘ನಾವು ಜಾತ್ರೆಗೆ ಹೋದೆವು. ನಾವು ನಾಟಕ ನೋಡಲಿಲ್ಲ. ತಮ್ಮ ಅತ್ತನು. ನಾವು ಮನೆಗೆ ಬಂದೆವು.’

ಒಂದೂ ತಪ್ಪಿಲ್ಲ. ಆದರೆ ‘ಖರೆ’ (ನಮ್ಮ ಕಡೆ ‘ಆದರೆ’ ಅನ್ನುವ ಅರ್ಥ), ‘ಅದಕ್ಕ’ ಎರಡೂ ಮಾಯ. ತಮ್ಮ ಅತ್ತದ್ದಕ್ಕೂ ಇವರು ಮನೆಗೆ ಬಂದದ್ದಕ್ಕೂ ಸಂಬಂಧವೇ ಇಲ್ಲ. ಆ ಸಂಬಂಧವನ್ನು ಮತ್ತೆ ಕಟ್ಟುವುದಕ್ಕೆ ವ್ಯಾಕರಣದಲ್ಲಿ ಇರುವ ಹೆಸರೇ ಸಂಯೋಜಿತ ವಾಕ್ಯ.

ಸಂಯೋಜಿತ ಅಂದರೆ ಕೂಡಿಸಿದ್ದು, ಜೋಡಿಸಿದ್ದು. ತಮ್ಮ ಕಾಲ ಮೇಲೆ ತಾವೇ ನಿಲ್ಲಬಲ್ಲ ಎರಡು ಅಥವಾ ಜಾಸ್ತಿ ವಾಕ್ಯಗಳು ಸೇರಿ ಒಂದು ಪೂರ್ತಿ ಅರ್ಥ ಕೊಟ್ಟರೆ ಅದು ಸಂಯೋಜಿತ ವಾಕ್ಯ. ಜೋಡಿಸುವ ‘ಆದರೆ’, ‘ಆದ್ದರಿಂದ’, ‘ಅಥವಾ’, ‘ಮತ್ತು’ ಇವುಗಳನ್ನು ಸಂಬಂಧಾರ್ಥಕ ಅವ್ಯಯ ಅನ್ನುತ್ತಾರೆ. ಈ ಹೆಸರನ್ನು ಚಿಕ್ಕ ಮಕ್ಕಳಿಗೆ ಹೇಳಲೇಬೇಕೆಂದೇನಿಲ್ಲ. ನಾನು ‘ಕೊಂಡಿ’ ಅಂತ ಹೇಳಿ ಬಿಡುತ್ತೇನೆ.

ನನ್ನ ತವರು ಇಳಕಲ್. ಅಲ್ಲಿನ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆ ಮುಗಿಯುವ ಕಡೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸಿ ನೇಯ್ಗೆ ಮುಂದುವರಿಸುತ್ತಾರೆ. ಒಮ್ಮೆ ಹಳೆಯದೊಂದು ಸೀರೆ ತಂದು ಆ ಜಾಗವನ್ನು ಮಕ್ಕಳ ಕೈಗೆ ಕೊಟ್ಟೆ. ಸವರಿ ನೋಡಿದರು. ಎರಡೂ ಬೇರೆ ಬಟ್ಟೆ, ಆದರೂ ಒಂದೇ ಸೀರೆ. ಇನ್ನು ವಿವರಣೆ ಬೇಕಾಗಲಿಲ್ಲ.

ಸಂಯೋಜಿತ ವಾಕ್ಯ ಹೌದೋ ಅಲ್ಲವೋ ಅಂತ ಪರೀಕ್ಷಿಸಲು ಕತ್ತರಿ ಸಾಕು. ‘ತಮ್ಮ ಅಳುತ್ತಿದ್ದ, ಆದ್ದರಿಂದ ಬೇಗ ಬಂದೆವು’ ಎಂದು ಚೀಟಿಯಲ್ಲಿ ಬರೆದು ಕೊಂಡಿಯನ್ನು ಕತ್ತರಿಸಿ ತೆಗೆಯಿರಿ. ಎರಡೂ ತುಂಡು ನಿಲ್ಲುತ್ತವೆ. ‘ಮಳೆ ಬರುತ್ತದೆ ಎಂದು ಅಜ್ಜ ಹೇಳಿದ’ ಅನ್ನುವುದನ್ನು ಕತ್ತರಿಸಿ ನೋಡಿ. ‘ಮಳೆ ಬರುತ್ತದೆ ಎಂದು’ ಅನ್ನುವ ತುಂಡು ಗಾಳಿಯಲ್ಲಿ ನೇತಾಡುತ್ತದೆ. ಅದು ಮಿಶ್ರ ವಾಕ್ಯ. ದೊಡ್ಡ ತರಗತಿಗೆ ಇರಲಿ.

ಈಗ ನನ್ನದೇ ತಪ್ಪು ಹೇಳಬೇಕು. ಮೊದಲ ವರ್ಷ ನಾನು ‘ಮತ್ತು’ವಿನಿಂದ ಶುರು ಮಾಡಿದೆ. ಸುಲಭ ಅಲ್ವಾ ಅಂತ. ಒಂದು ವಾರದಲ್ಲಿ ಎಲ್ಲರ ನೋಟ್‌ಬುಕ್ಕಿನಲ್ಲೂ ‘ಅಪ್ಪ ಬಂದನು ಮತ್ತು ಊಟ ಮಾಡಿದನು ಮತ್ತು ಮಲಗಿದನು’. ಯಾವ ಮನೆಯಲ್ಲಿ ಹೀಗೆ ಮಾತಾಡುತ್ತಾರೆ? ‘ಅಪ್ಪ ಬಂದು, ಊಟ ಮಾಡಿ, ಮಲಗಿದ’ ಅನ್ನುತ್ತೇವೆ. ಕನ್ನಡದ ‘ಮತ್ತು’ ಹೆಚ್ಚಾಗಿ ಪದಗಳನ್ನು ಜೋಡಿಸಲು ಸರಿ: ರೊಟ್ಟಿ ಮತ್ತು ಶೇಂಗಾ ಚಟ್ನಿ. ಕೆಲಸ ಮಾಡಿದವನು ಒಬ್ಬನೇ ಆದರೆ ‘ಬಂದು’, ‘ಮಾಡಿ’ ಸಾಕು. ಇಲ್ಲಿ ಪೂರ್ಣ ಕ್ರಿಯಾಪದ ‘ಮಲಗಿದ’ ಒಂದೇ. ಹಾಗಾಗಿ ವ್ಯಾಕರಣದ ಲೆಕ್ಕದಲ್ಲಿ ಇದು ಸಾಮಾನ್ಯ ವಾಕ್ಯವೇ, ಎಷ್ಟೇ ಉದ್ದ ಇರಲಿ. ಇಲ್ಲಿ ದೊಡ್ಡವರೂ ಎಡವುತ್ತಾರೆ. ಇಬ್ಬರು ಬೇರೆ ಬೇರೆ ಕೆಲಸ ಮಾಡಿದ್ದರೆ ಅಥವಾ ಎರಡು ಸಂಗತಿ ಒಟ್ಟಿಗೆ ನಡೆದಿದ್ದರೆ ನಮ್ಮ ‘ಊ’ ಇದೆ: ‘ಮಳೆಯೂ ಬಂತು, ಕರೆಂಟೂ ಹೋಯಿತು.’ ಎಷ್ಟು ಚೆಂದ ಕೂಡಿಕೊಂಡಿತು ನೋಡಿ.

ಆಮೇಲಿನಿಂದ ನಾನು ‘ಖರೆ’ಯಿಂದ ಶುರು ಮಾಡುತ್ತೇನೆ. ‘ನೀವು ಖರೆ ಅಂತೀರಲ್ಲ, ಬರೆಯುವಾಗ ಅಲ್ಲಿ ಆದರೆ ಹಾಕಿ. ಅದಕ್ಕ ಅಂತೀರಲ್ಲ, ಅಲ್ಲಿ ಆದ್ದರಿಂದ.’ ಅಷ್ಟೇ. ಮಗುವಿಗೆ ಹೊಸದಾಗಿ ಏನನ್ನೂ ಕಲಿಸಿದಂತಾಗಲಿಲ್ಲ, ಅಂಗಿ ಮಾತ್ರ ಬದಲಾಯಿತು.

ಕೊಂಡಿ ಬದಲಾದರೆ ಕಥೆ ಬದಲಾಗುತ್ತದೆ ಅನ್ನುವುದು ಅವರಿಗೆ ಹಿಡಿಸುವ ಆಟ. ಬೋರ್ಡಿನ ಮೇಲೆ ‘ಆಯಿ ಬಂದಳು. ಅವ್ವ ನಕ್ಕಳು.’ ಎಂದು ಬರೆದೆ. ಆಯಿ ಅಂದರೆ ಅಪ್ಪನ ಅವ್ವ. ‘ಆದ್ದರಿಂದ’ ಹಾಕಿದಾಗ ಎಲ್ಲರೂ ಸುಮ್ನೆ ಇದ್ದರು. ‘ಆದರೆ’ ಹಾಕಿದೆ ನೋಡಿ, ಹಿಂದಿನ ಸಾಲಿನಿಂದ ಕಿಸಕ್ ಅಂತ ನಗು. ಅತ್ತೆ ಸೊಸೆ ಕಥೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಎರಡು ವಾಕ್ಯಕ್ಕೆ ಒಂದು ಕೊಂಡಿ, ಮೊದಮೊದಲು ಅಷ್ಟಕ್ಕೇ ನಿಲ್ಲಿಸಿ. ಜೋಡಿಸುವ ರುಚಿ ಹತ್ತಿದರೆ ಬಿಡುವುದಿಲ್ಲ. ಒಬ್ಬ ಹುಡುಗ ಬಾದಾಮಿ ಗುಡ್ಡ ಹತ್ತಿದ ಕಥೆಯನ್ನು ಮಂಗ, ಬುತ್ತಿ, ಅಗಸ್ತ್ಯ ತೀರ್ಥದ ಕೆರೆ ಎಲ್ಲ ಸೇರಿಸಿ ಒಂದು ಪುಟದ ತುಂಬ ಒಂದೇ ವಾಕ್ಯ ಮಾಡಿದ್ದ. ಪೂರ್ಣವಿರಾಮ ಎಲ್ಲಪ್ಪಾ ಅಂದರೆ, ‘ಇನ್ನೂ ಗುಡ್ಡ ಇಳದಿಲ್ರೀ ಅಕ್ಕೋರ’ ಅಂದ.