ಟಾಮಿ ಜಾನ್ ಸರ್ಜರಿ: ರೋಗಿಯ ಹೆಸರು ಹೊತ್ತ ಶಸ್ತ್ರಚಿಕಿತ್ಸೆ

ಅಮೆರಿಕದ ಬೇಸ್‌ಬಾಲ್ ವರದಿಗಳಲ್ಲಿ ‘ಟಾಮಿ ಜಾನ್’ ಎಂಬ ಹೆಸರು ಎಷ್ಟು ಸಲ ಬರುತ್ತದೆಂದರೆ, ಹೊಸಬರು ಅದನ್ನೊಂದು ಕಾಯಿಲೆಯೆಂದೇ ತಿಳಿದರೆ ಆಶ್ಚರ್ಯವಿಲ್ಲ. ಮೊಣಕೈಯ ಒಳಬದಿಯಲ್ಲಿ ಹರಿದುಹೋದ ಅಸ್ಥಿರಜ್ಜುವಿನ (ಮೂಳೆಗೆ ಮೂಳೆಯನ್ನು ಬಿಗಿಯುವ ಪಟ್ಟಿ) ಜಾಗದಲ್ಲಿ, ದೇಹದ ಬೇರೊಂದು ಭಾಗದಿಂದ ತೆಗೆದ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿ) ಕೂರಿಸುವ ಶಸ್ತ್ರಚಿಕಿತ್ಸೆಗೆ ಈ ಹೆಸರಿದೆ.

ಇದು ಪಿಚರ್‌ಗಳಿಗೇ, ಅಂದರೆ ಬೇಸ್‌ಬಾಲ್‌ನಲ್ಲಿ ಬ್ಯಾಟರ್‌ನತ್ತ ಚೆಂಡೆಸೆಯುವವರಿಗೇ, ಹೆಚ್ಚಾಗಿ ಬೇಕಾಗುವುದೇಕೆ? ಕ್ರಿಕೆಟ್ಟಿನ ವೇಗದ ಬೌಲರ್‌ಗೆ ಓಟದ ಬಲವಿರುತ್ತದೆ, ಮೊಣಕೈ ಹೆಚ್ಚುಕಡಿಮೆ ನೇರವಾಗಿರುತ್ತದೆ. ಪಿಚರ್ ಮಾತ್ರ ದಿಬ್ಬದ ಮೇಲೆ ನಿಂತಲ್ಲಿಂದಲೇ, ಸುಮಾರು 18.4 ಮೀಟರ್ ಆಚೆಗಿನ ಗುರಿಯತ್ತ, ಮಡಿಸಿದ ತೋಳನ್ನು ಚಾಟಿಯಂತೆ ಬೀಸಬೇಕು. ಹಿಂದಕ್ಕೆ ಬಾಗಿದ ತೋಳು ಮುಂದಕ್ಕೆ ಚಿಮ್ಮುವ ಗಳಿಗೆಯಲ್ಲಿ ಮೊಣಕೈಯ ಒಳಬದಿ ಬಿರಿಯಲು ಹವಣಿಸುತ್ತದೆ. ತೋಳಿನ ಮೂಳೆಯನ್ನೂ ಮುಂಗೈಯ ಮೂಳೆಯನ್ನೂ ಜೋಡಿಸಿರುವ ಆ ಪುಟ್ಟ ರಜ್ಜು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಜಗ್ಗಿಸಿಕೊಂಡು ಅದು ಹರಿದರೂ ಊಟಕ್ಕೆ, ಬರವಣಿಗೆಗೆ ಅಷ್ಟಾಗಿ ತೊಂದರೆಯಾಗುವುದಿಲ್ಲ, ಆದರೆ ವೇಗದ ಎಸೆತ ಕೈತಪ್ಪುತ್ತದೆ. 1974ರವರೆಗೆ ಪಿಚರ್‌ನ ಪಾಲಿಗೆ ಅದು ವೃತ್ತಿಯ ಕೊನೆಯೇ ಆಗಿತ್ತು.

ಆ ವರ್ಷದ ಜುಲೈನಲ್ಲಿ, ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ 31 ವರ್ಷದ ಎಡಗೈ ಪಿಚರ್ ಟಾಮಿ ಜಾನ್, 13 ಗೆಲುವು ಮತ್ತು ಮೂರೇ ಸೋಲುಗಳ ಉತ್ತಮ ಲಯದಲ್ಲಿದ್ದಾಗ, ಅವರ ಮೊಣಕೈಯ ರಜ್ಜು ಹರಿಯಿತು. ಸೆಪ್ಟೆಂಬರ್ 25ರಂದು ತಂಡದ ವೈದ್ಯ ಫ್ರಾಂಕ್ ಜೋಬ್, ಜಾನ್ ಅವರ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜುವನ್ನು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ಕೊರೆದ ರಂಧ್ರಗಳ ಮೂಲಕ ಅದನ್ನು ಪೋಣಿಸಿ ಬಿಗಿದರು. (ಮುಂಗೈಯ ಈ ಸ್ನಾಯುರಜ್ಜು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿರುವುದು ಅವರಿಗೆ ಗೊತ್ತೂ ಆಗುವುದಿಲ್ಲ, ಎರವಲಿಗೆ ಹೇಳಿಮಾಡಿಸಿದಂಥದ್ದು.) ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದು ಜೋಬ್ ಅಂದಾಜಿಸಿದ್ದರು. ನರದ ತೊಂದರೆಯಿಂದ ಬೆರಳುಗಳು ಮುದುಡಿಕೊಂಡವು, ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಯಿತು, 1975ರ ಋತು ಪೂರ್ತಿ ಕಳೆದುಹೋಯಿತು. ಆದರೂ 1976ರಲ್ಲಿ ಜಾನ್ ಮರಳಿದರು. ಗಾಯಕ್ಕೆ ಮೊದಲು 124 ಪಂದ್ಯ ಗೆದ್ದಿದ್ದವರು ಅನಂತರ 164 ಗೆದ್ದು, 1989ರಲ್ಲಿ, 46ನೆಯ ವಯಸ್ಸಿನಲ್ಲಿ ನಿವೃತ್ತರಾದರು.

ಈ ಶಸ್ತ್ರಚಿಕಿತ್ಸೆಯಿಂದ ಎಸೆತದ ವೇಗ ಹೆಚ್ಚುತ್ತದೆಂಬ ನಂಬಿಕೆಯೊಂದಿದೆ, ಅದು ತಪ್ಪು. ಕಸಿಮಾಡಿದ ರಜ್ಜು ಹೊಸ ಜಾಗಕ್ಕೆ ಒಗ್ಗಿಕೊಂಡು ಅಸ್ಥಿರಜ್ಜುವಿನ ಗುಣ ಪಡೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮೈದಾನಕ್ಕೆ ಮರಳಲು ಪಿಚರ್‌ಗೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು. ಯಾರಾದರೂ ಹೆಚ್ಚು ಬಲಿಷ್ಠರಾಗಿ ಮರಳಿದ್ದರೆ, ಅದಕ್ಕೆ ಆ ಅವಧಿಯ ಶಿಸ್ತಿನ ವ್ಯಾಯಾಮವನ್ನೇ ಕಾರಣವೆನ್ನಬೇಕು. ಚಿಕಿತ್ಸೆಗೆ ವೈದ್ಯನ ಬದಲು ಆಟಗಾರನ ಹೆಸರು ನಿಂತದ್ದೂ ಇದೇ ಕಾರಣಕ್ಕೆ ನ್ಯಾಯವೆನಿಸುತ್ತದೆ. 1978ರಲ್ಲಿ ಇದಕ್ಕೊಳಗಾದ ಎರಡನೆಯ ಪಿಚರ್ ಬ್ರೆಂಟ್ ಸ್ಟ್ರಾಮ್ ಅಮೆರಿಕದ ಅಗ್ರ ಬೇಸ್‌ಬಾಲ್ ಹಂತವಾದ ಮೇಜರ್ ಲೀಗ್‌ನಲ್ಲಿ ಮತ್ತೆ ಎಸೆಯಲೇ ಇಲ್ಲ. ಮುಂದೆ ಅವರು ಪಿಚರ್‌ಗಳ ತರಬೇತುದಾರರಾಗಿ ಹೆಸರಾದರು.